ದೂರ ಹೋಗಿದ್ರಾ?

ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಇದನ್ನು ನಮ್ಮಮ್ಮ ನನಗೆ ತಲೆಯ ಮೇಲೆ ಮೊಟಕಿ ಕಲಿಸಿದ್ದಳು. ಹೊಸಿಲು ದಾಟುತ್ತಿರುವವರ ಬೆನ್ನಿಗೆ ಆ ಮಾತು ಬಿದ್ದರೆ ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ. ತಿಳಿಯಲೇಬೇಕು ಅನಿಸಿದರೆ ‘ದೂರ ಹೊರಟ್ರಾ?’ ಎನ್ನಬೇಕು. ಅವರಾಗಿ ಊರಿನ ಹೆಸರು ಹೇಳಿದರೆ ಸರಿ, ‘ಇಲ್ಲೇ, ಹಿಂಗೆ’ ಎಂದು ಕೈಬೀಸಿ ಹೋದರೂ ಸರಿ. ಆದರೆ ತಿರುಗಿ ಬಂದವರಿಗೆ ಈ ರಿಯಾಯಿತಿ ಇರಲಿಲ್ಲ. ಕಾಲಿಗೆ ನೀರು ಕೊಟ್ಟು, ಒಂದು ಲೋಟ ಮಜ್ಜಿಗೆ ಕೈಗಿಟ್ಟು, ಆಮೇಲೆ ಒಂದೊಂದಾಗಿ ಕೇಳುತ್ತಿದ್ದಳು. ಎಲ್ಲಿಗೆ ಹೋಗಿದ್ದೆ, ಯಾರ ಮನೆಯಲ್ಲಿ ಉಳಿದೆ, ಆ ಕಡೆ ನೀರು ಹೆಂಗಿದೆ, ದನಕರು ಹೆಂಗಿವೆ, ರಾತ್ರಿ ಎಲ್ಲಿ ಮಲಗಿದ್ದೆ. ಅಮ್ಮ ಶಾಲೆ ಕಂಡವಳಲ್ಲ. ಜ್ವರ ಹೊತ್ತು ಬಂದ ಮನುಷ್ಯನನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಇವೇ ಎಂದು ನನಗೆ ಮನವರಿಕೆಯಾದದ್ದು ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ತಿರುಗಿದ ಮೇಲೆ.

ಸೋಲೂರಿನಲ್ಲಿ ಕೂತವರಿಗೆ ಹೋಗುವವರೂ ಬರುವವರೂ ದಿನವಿಡೀ ಕಣ್ಣಿಗೆ ಬೀಳುತ್ತಾರೆ. ನಮ್ಮದು ಮಾಗಡಿ ಸೀಮೆಯ ಹೋಬಳಿ ಊರಾದರೂ ಅದರ ಮುಖ ಇರುವುದು ಬೆಂಗಳೂರು–ಮಂಗಳೂರು ಹೆದ್ದಾರಿಯ ಕಡೆಗೆ. ಮೂಡಲಿಗೆ ನೆಲಮಂಗಲ, ಪಡುವಲಿಗೆ ಕುಣಿಗಲ್ಲು. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ, ಎಲ್ಲ ದೇವರ ದಾರಿಯೂ ನಮ್ಮ ಮುಂದೆಯೇ. ಶನಿವಾರ ನಸುಕಿನಲ್ಲಿ ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಬಿಗಿದುಕೊಂಡು ಬೆಟ್ಟ ಹತ್ತಲು ಚಿಕ್ಕಮಗಳೂರಿನ ಕಡೆ ಹೋಗುತ್ತಾರೆ, ಭಾನುವಾರ ರಾತ್ರಿ ಅದೇ ಗಾಡಿಯಲ್ಲಿ ತೂಕಡಿಸುತ್ತ ವಾಪಸು ಬರುತ್ತಾರೆ. ಇದಲ್ಲದೆ ಆರ್ಯ ಈಡಿಗ ಮಹಾಸಂಸ್ಥಾನದ ಮಠ ನಮ್ಮೂರಿನಲ್ಲೇ ಇದೆ. ಸೊರಬ, ಸಾಗರದ ದೀವರು, ಕರಾವಳಿಯ ಬಿಲ್ಲವರು ಮಠಕ್ಕೆ ನಡೆದುಕೊಳ್ಳುವವರು. ಹೀಗಾಗಿ ಬಯಲುಸೀಮೆಯ ರಾಗಿ ಹೊಲದ ನಡುವೆ ಕೂತಿದ್ದರೂ ಮಲೆನಾಡು ನಮಗೆ ದೂರದ ಮಾತಲ್ಲ. ಬೆಳಿಗ್ಗೆ ಕೊಪ್ಪದಲ್ಲಿ ಕಾಫಿ ಕುಡಿದವನು ಸಂಜೆ ಸೋಲೂರಿನಲ್ಲಿ ಮುದ್ದೆ ಉಣ್ಣಬಹುದು. ಅವನ ಮೈಯೊಳಗೆ ಏನಾದರೂ ಸೇರಿಕೊಂಡಿದ್ದರೆ ಅದೂ ಅವನ ಜೊತೆಯಲ್ಲೇ ಬರುತ್ತದೆ. ತಲೆ ಎತ್ತುವುದು ಮಾತ್ರ ಇಲ್ಲಿಗೆ ಬಂದು ಕೆಲವು ದಿನ ಕಳೆದ ಮೇಲೆ.

ನಮ್ಮಕ್ಕನ ಮಗ ಜೆಸಿಬಿ ಓಡಿಸುತ್ತಾನೆ. ಎರಡು ವರ್ಷದ ಕೆಳಗೆ ಸಂಕ್ರಾಂತಿ ಆದ ವಾರಕ್ಕೆ ಅವನಿಗೆ ಜ್ವರ ಹಿಡಿಯಿತು. ಸುಮ್ಮನೆ ಮೈ ಬೆಚ್ಚಗಾಗುವ ಜ್ವರವಲ್ಲ. ಬೆಳಿಗ್ಗೆ ಗಾಡಿ ಹತ್ತಿದವನು ಮಧ್ಯಾಹ್ನ ಇಳಿಯಲಾರದೆ ಸ್ಟೀರಿಂಗಿನ ಮೇಲೆ ತಲೆ ಇಟ್ಟುಬಿಟ್ಟಿದ್ದ. ಹಣೆ ಸಿಡಿಯುವ ನೋವು, ಸೊಂಟ ಮುರಿದ ಹಾಗೆ, ಕಣ್ಣು ಕೆಂಪು. ಹತ್ತಿರದ ಕ್ಲಿನಿಕ್ಕಿನಲ್ಲಿ ಡೆಂಗ್ಯೂ ಕಾರ್ಡ್ ಹಾಕಿದರು, ನೆಗೆಟಿವ್. ಮಲೇರಿಯಾ ಇಲ್ಲ. ವೈಡಾಲ್ ಪರೀಕ್ಷೆಯಲ್ಲಿ ಅಂಕಿ ಒಂದಿಷ್ಟು ಮೇಲಿತ್ತು; ಟೈಫಾಯಿಡ್ ಎಂದು ಮೂರು ದಿನ ಸೂಜಿ ಚುಚ್ಚಿದರು. ನಾಲ್ಕನೆಯ ದಿನ ಬೆಂಗಳೂರಿನ ಒಂದು ನರ್ಸಿಂಗ್ ಹೋಮು. ಅಲ್ಲಿ ಪ್ಲೇಟ್‌ಲೆಟ್ ಎಣಿಸಿ, ಇಳಿದಿದೆ ಎಂದರು. ಮನೆಯವರು ಪರಂಗಿ ಎಲೆಯ ರಸ, ಕಿವಿ ಹಣ್ಣು ಹಿಡಿದುಕೊಂಡು ಓಡಾಡಿದರು. ನಾನು ಆಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಅಕ್ಕ ಫೋನ್ ಮಾಡಿದಾಗ ನನ್ನ ಬಾಯಲ್ಲಿ ಮೊದಲು ಬಂದ ಮಾತೂ ‘ಪ್ಲೇಟ್‌ಲೆಟ್ ಎಷ್ಟಿದೆಯಂತೆ?’ ಎಂಬುದೇ. ಕೇಳಬೇಕಾದದ್ದನ್ನು ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಯಾಕೆಂದರೆ ನಾನು ಕೆಲಸಕ್ಕೆ ಸೇರಿದ್ದೇ ಸಾಗರ ತಾಲ್ಲೂಕಿನಲ್ಲಿ. ನನ್ನ ನೌಕರಿಯ ಮೊದಲ ಪಾಠವೇ ಆ ಪ್ರಶ್ನೆಯಾಗಿತ್ತು.

ಸಾಗರದ ಕಡೆ ನಾನು ಇದ್ದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಕೆಲಸವೆಂದರೆ ಮಂಗನ ಕಾಯಿಲೆ ತಡೆಯಲೆಂದು ಮನೆಮನೆಗೆ ಹೋಗಿ ಡಿಎಂಪಿ ಎಣ್ಣೆಯ ಶೀಸೆ ಕೊಡುವುದು, ಸೊಪ್ಪು ಸೌದೆಗೆ ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಹೇಳುವುದು, ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಓಡುವುದು, ಮತ್ತೆ ಲಸಿಕೆ. ಆ ಲಸಿಕೆ ಚುಚ್ಚಿದ ಜಾಗ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು. ಒಂದು ಹಾಕಿಸಿಕೊಂಡವರು ತಿಂಗಳ ಮೇಲೆ ಎರಡನೆಯದಕ್ಕೆ ಬರುತ್ತಿರಲಿಲ್ಲ. ಬಂದವರು ವರ್ಷ ವರ್ಷದ ಬೂಸ್ಟರಿಗೆ ಸಿಗುತ್ತಿರಲಿಲ್ಲ. ಅವರನ್ನು ಬೈಯುವ ಮನಸ್ಸು ನನಗೆ ಯಾವತ್ತೂ ಬರಲಿಲ್ಲ. ಕೂಲಿ ಬಿಟ್ಟು ಬಂದು ನೋವು ತಿಂದು ಹೋಗುವುದು ಸುಲಭವಲ್ಲ. ಆ ಲಸಿಕೆ ಸಾಕಷ್ಟು ಕಾಪಾಡುತ್ತಿಲ್ಲವೆಂದು ಕಂಡು 2022ರಲ್ಲಿ ನಿಲ್ಲಿಸಿದರು.

ಮಂಗನ ಕಾಯಿಲೆ ಎಂದರೆ ನಮ್ಮ ಕಡೆ ಬಹಳ ಜನ ಮಂಗನ ಬಾವು ಎಂದುಕೊಳ್ಳುತ್ತಾರೆ. ಕೆನ್ನೆ ಊದಿಕೊಂಡು ನಾಲ್ಕು ದಿನಕ್ಕೆ ಇಳಿಯುವ ಆ ಬಾವಿಗೂ ಇದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಬೇರೆ ಏನೂ ಇಲ್ಲ. ಇದು ಉಣ್ಣೆಯಿಂದ ಬರುವ ಜ್ವರ. ಉಣ್ಣೆ ಎಂದರೆ ಕಂಬಳಿಯ ಉಣ್ಣೆಯಲ್ಲ. ದನದ ಕೆಚ್ಚಲಿನಲ್ಲಿ, ನಾಯಿಯ ಕಿವಿಯಲ್ಲಿ ರಕ್ತ ಕುಡಿದು ಹರಳುಬೀಜದ ಹಾಗೆ ಊದಿಕೊಂಡಿರುತ್ತದಲ್ಲ, ಅದು. ಮಲೆನಾಡಿನಲ್ಲಿ ಉಣುಗು ಅನ್ನುತ್ತಾರೆ. ಪಾಪದ ಮಂಗ ಇದರಲ್ಲಿ ನಮಗಿಂತ ಮೊದಲು ಸಾಯುವ ಜೀವ. ಕೆಂಪು ಮೂತಿಯ ಕೋಡಗವೂ ಕಪ್ಪು ಮೂತಿಯ ಮುಸುವವೂ ಕಾಯಿಲೆ ಬಿದ್ದು ಮರದಿಂದ ಉದುರುತ್ತವೆ. ಅವುಗಳ ಮೈಮೇಲಿದ್ದ ಉಣ್ಣೆಗಳು ಹೆಣ ಬಿಟ್ಟು ತರಗೆಲೆಯ ಮೇಲೆ ಹರಡುತ್ತವೆ. ಆ ಎಲೆಯ ಮೇಲೆ ಯಾರು ನಡೆದರೋ ಅವರ ಸರದಿ. ‘ಮಂಗನ’ ಎಂಬ ಹೆಸರಿಟ್ಟ ಪಾಪಕ್ಕೆ ಮಂಗಗಳಿಗೆ ಕಲ್ಲೇಟು ಬೀಳುವುದನ್ನು ನೋಡಿದ್ದೇನೆ. ಸಾವನದುರ್ಗದ ಮಂಗಗಳಿಂದ ನಮಗೂ ಬರುತ್ತದೆಯೇ ಎಂದು ಊರಿನವರು ನನ್ನನ್ನು ಹೆದರಿ ಕೇಳಿದ್ದಾರೆ. ಅದರ ಸೀಮೆ ಪಶ್ಚಿಮಘಟ್ಟದ ಸೆರಗು, ಸಾವನದುರ್ಗವಲ್ಲ. ಆ ಪ್ರಾಣಿಗಳ ತಂಟೆಗೆ ಹೋಗಬೇಡಿ ಎಂದು ಹೇಳುತ್ತೇನೆ. ಕಾಯಿಲೆಗೆ ಉಣ್ಣೆ ಜ್ವರ ಎಂದೇ ಹೆಸರಿಟ್ಟಿದ್ದರೆ ಚೆನ್ನಾಗಿತ್ತು.

ಸರಕಾರಿ ಕಾಗದದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರು. ಕ್ಯಾಸನೂರು ಇರುವುದು ಸೊರಬ ತಾಲ್ಲೂಕಿನಲ್ಲಿ. 1957ರ ಬೇಸಿಗೆಯಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಅದರ ಹಿಂದೆಯೇ ಹಳ್ಳಿಯ ಜನ ಜ್ವರ ಬಂದು ಮಲಗಿದರು. ಮೊದಲು ವಿಷಮಶೀತ ಜ್ವರ ಎಂದುಕೊಂಡರು, ನಮ್ಮ ಹುಡುಗನಿಗೆ ಟೈಫಾಯಿಡ್ ಎಂದ ಹಾಗೆಯೇ. ಆದರೆ ಮಂಗಗಳೂ ಸಾಯುತ್ತಿವೆ ಎಂಬ ಮಾತು ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿದ್ದವರ ಎದೆ ಝಲ್ಲೆಂದಿರಬೇಕು. ಮಂಗ ಮನುಷ್ಯ ಒಟ್ಟಿಗೆ ಸಾಯುವ ಜ್ವರವೆಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮ ಊರೂರಲ್ಲೂ ಇತ್ತು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತು ಅವರ ಜೊತೆಯ ನಮ್ಮ ವೈದ್ಯರು, ಕೀಟಶಾಸ್ತ್ರಜ್ಞರು ಬಂದು ಸತ್ತ ಮಂಗಗಳನ್ನೂ ಜನರ ರಕ್ತವನ್ನೂ ಪರೀಕ್ಷಿಸಿದರು. ಸಿಕ್ಕಿದ್ದು ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಒಂದು ಮಿದುಳು ಜ್ವರವಿದೆ, ಅದರ ದಾಯಾದಿ ವೈರಸ್ಸು ಸೊರಬದಲ್ಲಿ ಸಿಕ್ಕಿತ್ತು.

ರಷ್ಯಾದ ನೆಂಟ ಸೊರಬಕ್ಕೆ ಹೇಗೆ ಬಂದ? ಆಗ ಅನುಮಾನ ಹೋದದ್ದು ಹಕ್ಕಿಗಳ ಮೇಲೆ. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಕೆರೆಗಳಿಗೆ ಬರುವ ಹಕ್ಕಿಗಳು ಮೈಮೇಲೆ ಉಣ್ಣೆ ಹೊತ್ತು ತಂದವೇ ಎಂದು ನೋಡಲು ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಇಳಿದರು. ಆ ಅನುಮಾನ ಕೊನೆಗೂ ರುಜುವಾಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ಎಷ್ಟೋ ವಿಷಯ ತಿಳಿದದ್ದು ಈ ಜ್ವರದ ದೆಸೆಯಿಂದ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮಮ್ಮನ ನೆನಪಾಗುತ್ತದೆ. ಹಿಂತಿರುಗಿ ಬಂದ ಹಕ್ಕಿಯನ್ನು ಹಿಡಿದು ಕೂರಿಸಿ ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳಿದ್ದಾರಲ್ಲ, ಎಷ್ಟು ಚೆನ್ನ.

ಆಸ್ಪತ್ರೆಗೆ ತಿರುಗಿ ಬರುತ್ತೇನೆ. ಐದನೆಯ ದಿನ ಹುಡುಗನನ್ನು ಇನ್ನೊಂದು ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ನಾನು ಮೈಸೂರಿನಿಂದ ನೇರವಾಗಿ ಅಲ್ಲಿಗೇ ಹೋದೆ. ರಾತ್ರಿ ಪಾಳಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು, ಮಾತಿನ ಧಾಟಿ ಮಲೆನಾಡಿನದು. ಫೈಲು ತಿರುವಿ ನೋಡಿ, ಅದನ್ನು ಮಡಚಿಟ್ಟು, ಸ್ಟೂಲು ಎಳೆದುಕೊಂಡು ಕೂತರು. ‘ಈ ಎರಡು ಮೂರು ವಾರದಲ್ಲಿ ದೂರ ಎಲ್ಲಾದ್ರೂ ಹೋಗಿದ್ರಾ?’

‘ಇಲ್ಲ’ ಅಂದಳು ಅಕ್ಕ. ದೂರ ಎಂದರೆ ಅವಳಿಗೆ ಕಾಶಿ.

‘ಕೊಪ್ಪಕ್ಕೆ ಹೋಗಿದ್ದೆ ಮೇಡಂ’ ಎಂದ ಹುಡುಗ ಕಣ್ಣು ಮುಚ್ಚಿಕೊಂಡೇ. ‘ಕೆಲ್ಸಕ್ಕೆ.’

ಆ ಮಾತು ಬಿದ್ದದ್ದೇ ತಡ, ಡಾಕ್ಟರಮ್ಮನ ಮುಖ ಬದಲಾಯಿತು, ನನ್ನದೂ. ಯಾವ ಊರು, ಏನು ಕೆಲಸ, ಎಲ್ಲಿ ಮಲಗುತ್ತಿದ್ದಿರಿ, ತರಗೆಲೆ ರಾಶಿಯ ಮೇಲೆ ಕೂರುತ್ತಿದ್ದಿರಾ, ಹತ್ತಿರ ಮಂಗ ಸತ್ತದ್ದು ಕಂಡಿರಾ, ಶೆಡ್ಡಿನಲ್ಲಿ ನಾಯಿ ಇತ್ತಾ, ಬಂದದ್ದು ಯಾವತ್ತು. ಒಂದಾದ ಮೇಲೆ ಒಂದು, ಆದರೆ ಗದರಿಕೆ ಇಲ್ಲ. ಕಾಡಂಚಿನ ಗುಡ್ಡವನ್ನು ಅಡಿಕೆ ತೋಟಕ್ಕೆಂದು ಸಮ ಮಾಡುವ ಕೆಲಸವಂತೆ. ತಗಡಿನ ಶೆಡ್ಡು, ಮಾಲೀಕರ ನಾಯಿ ಇವನ ಚಾಪೆಯ ಪಕ್ಕದಲ್ಲೇ ಮಲಗುತ್ತಿತ್ತಂತೆ. ಉಣ್ಣೆ ಕಚ್ಚಿತ್ತಾ ಎಂದು ನಾನು ನಡುವೆ ಬಾಯಿ ಹಾಕಿದೆ. ‘ಇಲ್ಲ ಮಾವ’ ಎಂದ.

ಅದನ್ನು ಕೇಳಿ ಉಪಯೋಗವಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಮನುಷ್ಯನನ್ನು ಹಿಡಿಯುವ ಉಣ್ಣೆ ದೊಡ್ಡದಲ್ಲ, ಎಳ್ಳಿನ ಕಾಳಿನಷ್ಟಿರುವ ಎಳೆಯದು. ಕಚ್ಚುವಾಗ ನೋಯದ ಹಾಗೆ ಅದರ ಜೊಲ್ಲೇ ಜಾಗವನ್ನು ಮರಗಟ್ಟಿಸುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಕಳಚಿಕೊಂಡು ಹೋಗುತ್ತದೆ. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಕಚ್ಚಿತ್ತೇ ಎಂಬುದಕ್ಕೆ ರೋಗಿ ಕೊಡುವ ಉತ್ತರ ನೆಚ್ಚುವ ಹಾಗಿಲ್ಲ. ಎಲ್ಲಿಗೆ ಹೋಗಿದ್ದೆ, ಯಾವ ತಿಂಗಳಲ್ಲಿ ಎಂಬುದಕ್ಕೆ ಕೊಡುವ ಉತ್ತರ ನೆಚ್ಚಬಹುದು. ಸಂಕ್ರಾಂತಿಯ ಹೊತ್ತೆಂದರೆ ಮಂಗನ ಕಾಯಿಲೆಯ ಕಾಲವೇ. ಮಳೆ ನಿಂತು ಎಲೆ ಒಣಗಿ ಎಳೆ ಉಣ್ಣೆಗಳು ಏಳುವುದು ಕಾರ್ತಿಕ ಕಳೆದ ಮೇಲೆ, ಮುಂದೆ ಮುಂಗಾರು ಬೀಳುವ ತನಕ. ಆ ಆರು ತಿಂಗಳಲ್ಲಿ ಆ ಸೀಮೆಗೆ ಹೋಗಿಬಂದು ವಾರದೊಳಗೆ ಜ್ವರವೆಂದರೆ ಕಾರ್ಡಿನಲ್ಲಿ ಗೆರೆ ಮೂಡಲಿ ಬಿಡಲಿ, ಯೋಚಿಸಲೇಬೇಕು.

ಯಾವತ್ತು ಬಂದ ಎಂಬುದು ಅವನಿಗೆ ನೆನಪಿರಲಿಲ್ಲ. ಡಾಕ್ಟರಮ್ಮನಿಗೆ ಅದು ಬೇಕೇ ಬೇಕಿತ್ತು. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದೊಳಗೆ ಎದ್ದು ಕೂರುತ್ತದೆ. ತಿಂಗಳ ಮೇಲೆ ಬಂದ ಜ್ವರವಾದರೆ ಅದನ್ನು ಬಿಟ್ಟು ಬೇರೆ ಹುಡುಕಬೇಕು. ಪರೀಕ್ಷೆಗೂ ದಿನದ ಲೆಕ್ಕ ಇದೆ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್. ಆಮೇಲೆ ಆಮೇಲೆ ಮೈ ಅದರ ವಿರುದ್ಧ ತಯಾರಿಸಿಕೊಂಡ ಐಜಿಎಂ ಹುಡುಕುವ ಎಲೈಸಾ. ಹೊತ್ತಲ್ಲದ ಹೊತ್ತಿನಲ್ಲಿ ತಪ್ಪು ಪರೀಕ್ಷೆ ಕಳಿಸಿದರೆ ಇರುವ ಕಾಯಿಲೆಯೂ ಇಲ್ಲ ಎಂದು ಬರುತ್ತದೆ. ಅಕ್ಕ ಮನೆಗೆ ಫೋನ್ ಮಾಡಿದಳು. ಸೊಸೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದಳು. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಅವರು ಅದರಲ್ಲೇ ಬರೆಯುವುದು. ಅವನು ಇದ್ದ ದಿನ ಅವನ ಕೈಬರಹ, ಇಲ್ಲದ ದಿನ ಅವಳದು. ಅವಳ ದುಂಡನೆಯ ಅಂಕಿ 9 ದಿನ ಇತ್ತು. ಮತ್ತೆ ಅವನ ಅಂಕಿ ಶುರುವಾಗಿ 6 ದಿನಕ್ಕೆ ಜ್ವರ. ನನ್ನ ನೌಕರಿಯಲ್ಲಿ ಇಷ್ಟು ಖಚಿತವಾದ ದಾಖಲೆ ನಾನು ಕಂಡದ್ದು ಕಡಿಮೆ.

ಹಾಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಈ ವಿಷಯದಲ್ಲಿ ನಮ್ಮ ದನದ ಡಾಕ್ಟರುಗಳು ಮನುಷ್ಯರ ಡಾಕ್ಟರುಗಳಿಗಿಂತ ಮುಂದಿದ್ದಾರೆ. ಸೀಮೆಹಸುವಿಗೆ ಜ್ವರ ಎಂದು ಕರೆದರೆ ಕೊಟ್ಟಿಗೆಗೆ ಕಾಲಿಡುವ ಮೊದಲೇ ಕೇಳುವ ಮಾತು: ‘ಎಲ್ಲಿಂದ ತಂದ್ರಿ ಇದನ್ನ, ಯಾವಾಗ?’ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಿಂದಲೋ, ಬೇರೆ ಜಿಲ್ಲೆಯ ದಲ್ಲಾಳಿಯಿಂದಲೋ. ಆಮೇಲೆ ಕಿವಿ ಮಡಚಿ ಉಣ್ಣೆ ನೋಡುತ್ತಾರೆ, ಭುಜದ ಮುಂದಿನ ಗಂಟು ಮುಟ್ಟುತ್ತಾರೆ, ಮೂತ್ರ ಕಾಫಿ ಬಣ್ಣವಿದೆಯೇ ಕೇಳುತ್ತಾರೆ, ಕಿವಿಯ ನರದಿಂದ ಒಂದು ತೊಟ್ಟು ರಕ್ತ ಗಾಜಿನ ಮೇಲೆ ಹಚ್ಚಿಕೊಳ್ಳುತ್ತಾರೆ. ಗಂಟು ಊದಿದ್ದರೆ ಥೈಲೇರಿಯಾ, ಮೂತ್ರ ಕೆಂಪಾಗಿದ್ದರೆ ಬೆಬೀಸಿಯಾ, ಎರಡಕ್ಕೂ ಬೇರೆ ಬೇರೆ ಸೂಜಿ. ಹಸು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಅದರ ಪ್ರಯಾಣದ ಕತೆಯನ್ನು ಅವರು ಇನ್ನೊಬ್ಬರ ಬಾಯಿಂದ ಹೊರಡಿಸುತ್ತಾರೆ.

ಈ ವಿದ್ಯೆ ಹುಟ್ಟಿದ್ದೂ ದನದ ಕೊಟ್ಟಿಗೆಯಲ್ಲೇ. ಅಮೆರಿಕದಲ್ಲಿ ಟೆಕ್ಸಾಸಿನ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದ ದಾರಿಯುದ್ದಕ್ಕೂ ಅಲ್ಲಿನ ದನಗಳು ಸಾಯುತ್ತಿದ್ದವು. ಬಂದ ದನಗಳು ಮಾತ್ರ ಗಟ್ಟಿಮುಟ್ಟು. ದನಗಾಹಿಗಳು ಇದು ಉಣ್ಣೆಯ ಕೆಲಸ ಎಂದು ಮೊದಲಿಂದ ಹೇಳುತ್ತಿದ್ದರು, ಓದಿದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ಆ ಮಾತನ್ನು ಹಿಡಿದು ಪರೀಕ್ಷೆ ಮಾಡಿ 1893ರಲ್ಲಿ ಅದು ನಿಜವೆಂದು ಪ್ರಕಟಿಸಿದರು. ಸೊಳ್ಳೆಯಿಂದ ಮಲೇರಿಯಾ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಳ್ಳುವುದಕ್ಕೆ ನಾಲ್ಕು ವರ್ಷ ಮೊದಲು. ಅದೇ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಊರಿನ ಸುತ್ತ 1975ರಲ್ಲಿ ನಮ್ಮ ಮಕ್ಕಳಿಗೆ ಮಂಡಿ ಊದುತ್ತಿದೆ, ಒಂದೇ ಬೀದಿಯಲ್ಲಿ ಇಷ್ಟು ಮಕ್ಕಳಿಗೆ ಹೇಗೆ ಎಂದು ಹಟ ಹಿಡಿದು ಕೇಳಿದವರು ತಾಯಂದಿರು. ಅದೂ ಉಣ್ಣೆಯ ಕಾಯಿಲೆ ಎಂದು ಬಯಲಾಯಿತು, 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಅದರ ರೋಗಾಣುವನ್ನು ಗುರುತಿಸಿದರು.

ಲೈಮ್ ಕಾಯಿಲೆ ಸೋಲೂರಿಗೆ ಸಂಬಂಧವಿಲ್ಲದ್ದು ಎನ್ನಬೇಡಿ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಆರು ತಿಂಗಳು ಹೋಗಿಬರುವ ಅಜ್ಜಿಯರು ಈಗ ನಮ್ಮ ಹೋಬಳಿಯಲ್ಲೂ ಇದ್ದಾರೆ. ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಜಿಂಕೆ ಓಡಾಡುವ ಪಾರ್ಕಿನ ಹುಲ್ಲಿನಲ್ಲಿ ನಡೆದಿರುತ್ತಾರೆ. ಊರಿಗೆ ಬಂದ ಮೇಲೆ ತೊಡೆಯ ಮೇಲೆ ದಿನದಿನಕ್ಕೆ ಅಗಲವಾಗುವ ಕೆಂಪು ಬಳೆಯಂಥ ಗುರುತು ಎದ್ದರೆ ಇಲ್ಲಿ ಹುಳಕಡ್ಡಿ ಎಂದು ಮುಲಾಮು ಕೊಡುವ ಸಂಭವವೇ ಹೆಚ್ಚು, ನಮ್ಮ ಕಂದು ಮೈಯಲ್ಲಿ ಆ ಕೆಂಪು ಸರಿಯಾಗಿ ಕಾಣುವುದೂ ಇಲ್ಲ. ದಕ್ಷಿಣ ಆಫ್ರಿಕಾದ ಸಫಾರಿಗೆ ಹೋಗಿಬಂದ ನಾಲ್ಕು ಜನಕ್ಕೆ ಒಟ್ಟಿಗೆ ಜ್ವರ ಬಂದು, ಮೈಯಲ್ಲಿ ಕಪ್ಪು ಹಕ್ಕಳೆಯ ಗಾಯಗಳಿದ್ದರೆ ಅದು ಅಲ್ಲಿನ ಉಣ್ಣೆ ಜ್ವರ. ಊರಿನ ಹೆಸರು ಕೇಳದೆ ಇವುಗಳಲ್ಲಿ ಒಂದನ್ನೂ ಹಿಡಿಯಲಾಗದು.

ಆ ಕಪ್ಪು ಹಕ್ಕಳೆಗೇ ಬರುತ್ತಿದ್ದೆ. ದಿನದ ಲೆಕ್ಕ ಸಿಕ್ಕ ಮೇಲೆ ಡಾಕ್ಟರಮ್ಮ ಪರದೆ ಎಳೆದು, ದೀಪ ಹತ್ತಿರ ತಂದು, ಹುಡುಗನ ಮೈಯನ್ನು ಅಂಗುಲ ಅಂಗುಲವಾಗಿ ನೋಡಿದರು. ಕಂಕುಳು, ಕಿವಿಯ ಹಿಂದೆ, ಮಂಡಿಯ ಸಂದು. ಕೊನೆಗೆ ಉಡಿದಾರವನ್ನು ಮೇಲೆತ್ತಿದರು. ಅದರ ಕೆಳಗೆ, ಎಡ ಸೊಂಟದಲ್ಲಿ, ಬೀಡಿ ತುದಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಚುಕ್ಕೆ, ಸುತ್ತ ಕೆಂಪು. ನೋವಿಲ್ಲ, ನವೆಯಿಲ್ಲ. ಐದು ದಿನ ಮೂರು ಕಡೆ ತೋರಿಸಿದ್ದರೂ ಅದನ್ನು ಯಾರೂ ನೋಡಿರಲಿಲ್ಲ, ಯಾಕೆಂದರೆ ಯಾರೂ ಹುಡುಕಿರಲಿಲ್ಲ. ಹಾಗಾದರೆ ಎರಡು ದಾರಿ. ನಾಯಿ ಉಣ್ಣೆಯಿಂದ ಬರುವ ಟೈಫಸ್ ಒಂದು. ಪೊದೆಯಲ್ಲಿರುವ ನುಸಿ ಜಾತಿಯ ಹುಳದ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇನ್ನೊಂದು. ಎರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಸಾಕು. ತಡವಾದರೆ ಪುಪ್ಪುಸ, ಮೂತ್ರಪಿಂಡ, ಮಿದುಳಿಗೆ ಏರಿ ಜೀವವನ್ನೇ ತೆಗೆದುಕೊಂಡು ಹೋಗುವ ಕಾಯಿಲೆಗೆ ಇಷ್ಟು ಸಣ್ಣ ಮದ್ದು. ಹೆಸರು ಖಚಿತವಾಗಲಿ ಎಂದು ಕಾಯುತ್ತ ಕೂರಬಾರದು. 1916ರಲ್ಲಿ ವೈಲ್ ಮತ್ತು ಫೆಲಿಕ್ಸ್ ಕೊಟ್ಟ ಹಳೆಯ ಪರೀಕ್ಷೆಯೇ ಇವತ್ತಿಗೂ ನಮ್ಮ ಸಣ್ಣ ಲ್ಯಾಬುಗಳಲ್ಲಿ ನಡೆಯುತ್ತಿರುವುದು, ಅದು ಇದ್ದದ್ದನ್ನು ಎಷ್ಟೋ ಸಲ ಇಲ್ಲವೆನ್ನುತ್ತದೆ.

ಮಂಗನ ಕಾಯಿಲೆಗಾದರೋ ಯಾವ ಮಾತ್ರೆಯೂ ಇಲ್ಲ. ಅದಕ್ಕೇ ಅದು ಹೌದೋ ಅಲ್ಲವೋ ಬೇಗ ತಿಳಿಯಬೇಕು. ನೀರು ಗ್ಲೂಕೋಸು ನೋಡಿಕೊಂಡು, ರಕ್ತ ಸೋರುತ್ತಿದೆಯೇ ಎಂದು ಕಾವಲು ಕಾದು, ರಕ್ತ ತೆಳುಮಾಡುವ ನೋವಿನ ಮಾತ್ರೆಗಳಿಂದ ದೂರ ಇಟ್ಟು ದಾಟಿಸಬೇಕು. ಜ್ವರ ಬಿಟ್ಟಿತು ಎಂದು ಮನೆಗೆ ಕಳಿಸಿ ಮರೆಯುವ ಹಾಗೂ ಇಲ್ಲ, ಕೆಲವರಿಗೆ ಒಂದೆರಡು ವಾರ ಸುಮ್ಮನಿದ್ದು ಎರಡನೆಯ ಸುತ್ತು ಬರುತ್ತದೆ, ಆಗ ತಲೆಗೆ ಏರುತ್ತದೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಡಾಕ್ಟರಮ್ಮ ಅದೇ ರಾತ್ರಿ ಡಾಕ್ಸಿಸೈಕ್ಲಿನ್ ಶುರುಮಾಡಿ, ಜೊತೆಗೆ ಮಂಗನ ಕಾಯಿಲೆಯ ಪರೀಕ್ಷೆಗೂ ರಕ್ತ ತೆಗೆದು, ಮೂರು ಪದರದ ಡಬ್ಬದಲ್ಲಿ ಐಸ್ ಜೊತೆ ಇಟ್ಟು ಕಳಿಸಿದರು. ಆ ಚೀಟಿಯ ಮೇಲೆ ‘ಕೊಪ್ಪ, 9 ದಿನ, ಬಂದು 6ನೇ ದಿನ ಜ್ವರ’ ಎಂದು ಬರೆದದ್ದನ್ನು ನಾನು ಪಕ್ಕದಲ್ಲಿ ನಿಂತು ಓದಿದೆ. ಬರೀ ‘ಜ್ವರ’ ಎಂದು ಬರೆದು ಬಂದ ಎಷ್ಟು ಚೀಟಿಗಳನ್ನು ನೋಡಿಲ್ಲ ನಾನು.

ಎರಡು ರಾತ್ರಿ ಕಳೆಯುವುದರೊಳಗೆ ಹುಡುಗನ ಮೈ ತಣ್ಣಗಾಯಿತು. ಮಂಗನ ಕಾಯಿಲೆ ನೆಗೆಟಿವ್ ಬಂತು. ಅಕ್ಕ ಧರ್ಮಸ್ಥಳದ ಮಂಜುನಾಥನಿಗೆ ಹೇಳಿಕೊಂಡಿದ್ದಳು. ಮುಡಿಪು ಕಟ್ಟಿಟ್ಟ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಳು. ಆ ಧರ್ಮಸ್ಥಳ ಇರುವ ಬೆಳ್ತಂಗಡಿ ತಾಲ್ಲೂಕಿನಲ್ಲೇ 1983–84ರಲ್ಲಿ ಮಂಗನ ಕಾಯಿಲೆ ಹಿಂದೆಂದೂ ಕಾಣದಷ್ಟು ಜನರನ್ನು ಹಿಡಿದದ್ದು, ಎರಡು ಸಾವಿರಕ್ಕೂ ಮೇಲೆ. ಕಾಡು ಕಡಿದು ಗೇರು ಹಾಕಲು ಹೊರಟ ಜಾಗದ ಸುತ್ತ ಅದು ಎದ್ದಿತ್ತು. ನಮ್ಮ ಹುಡುಗ ಕೊಪ್ಪದಲ್ಲಿ ಜೆಸಿಬಿಯಿಂದ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಕೆಲಸ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸಾಗಿಸಿದ ಕಾಡಿನ ಕೆಲಸದವರಿಗೆ ಬಂತು, ಮುಂದೆ ವಯನಾಡು, ಗೋವಾ, ಸಿಂಧುದುರ್ಗ. 2019ರ ಚಳಿಗಾಲದಲ್ಲಿ ನಾನು ಓಡಾಡಿದ ಸಾಗರ ತಾಲ್ಲೂಕಿನ ಅರಳಗೋಡಿನಿಂದ ಸಾವಿನ ಸುದ್ದಿ ಬಂದಾಗ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಎಲ್ಲಿ ಕಾಡಿನ ಅಂಚು ಹೊಸದಾಗಿ ಕತ್ತರಿಸಿಕೊಳ್ಳುತ್ತದೋ ಅಲ್ಲಿ ಮನುಷ್ಯ, ದನ, ಮಂಗ ಒಂದೇ ಎಲೆಯ ಮೇಲೆ ಕಾಲಿಡುತ್ತವೆ.

ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. 2020ರಲ್ಲಿ ಕೊರೋನಾ ಬಂದಾಗ ‘ಟ್ರಾವೆಲ್ ಹಿಸ್ಟರಿ’ ಎಂಬ ಮಾತು ನಮ್ಮೂರ ಟೀ ಅಂಗಡಿಯವರೆಗೂ ಬಂತು. ಎಲ್ಲರೂ ಎಲ್ಲರನ್ನೂ ಕೇಳಿದರು. ಆದರೆ ಕೇಳಿದ ರೀತಿ ಹೇಗಿತ್ತು? ಕೈಮೇಲೆ ಮುದ್ರೆ, ಬಾಗಿಲಿಗೆ ಚೀಟಿ, ಬೆಂಗಳೂರಿನಿಂದ ಬಂದವನನ್ನು ಊರ ಬಾಗಿಲಲ್ಲೇ ತಡೆಯುವುದು. ಕಳ್ಳನನ್ನು ಕೇಳುವ ಹಾಗೆ ಕೇಳಿದೆವು. ಜನ ‘ಎಲ್ಲಿಗೂ ಹೋಗಿಲ್ಲ’ ಎನ್ನುವುದನ್ನು ಕಲಿತರು. ಜ್ವರ ಬಂದವನು ಇವತ್ತಿಗೂ ಊರಿನ ಹೆಸರು ಬಿಟ್ಟುಕೊಡಲು ಹಿಂಜರಿಯುತ್ತಾನೆ, ಡಾಕ್ಟರು ನೂರು ಜನರ ಸಾಲು ನೋಡಿ ಕೇಳುವುದನ್ನೇ ಬಿಡುತ್ತಾರೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಹೇಳಿಕೊಂಡವನಿಂದ ಯಾರಿಗೂ ಕೆಡುಕಿಲ್ಲ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಮೈಮೇಲೆ ಉಣ್ಣೆ ಕಂಡರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ, ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ನಿಧಾನವಾಗಿ ಎಳೆದು ತೆಗೆಯಿರಿ, ಕೈಯಲ್ಲಿ ಹಿಸುಕಬೇಡಿ ಎಂದೂ ಹೇಳುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿದ್ದೇನೆ.

ಹೋದ ತಿಂಗಳು ಹುಡುಗನಿಗೆ ಮತ್ತೆ ಮಲೆನಾಡಿನ ಕೆಲಸ ಬಂತು. ಬೇಡ ಎನ್ನಲು ಕಂತು ಕಟ್ಟುವ ಗಾಡಿ ಬಿಡುವುದಿಲ್ಲ. ತುಂಬುತೋಳಿನ ಎರಡು ಅಂಗಿ, ಕಾಲುಚೀಲ, ಉಣ್ಣೆ ಹತ್ತದಂತೆ ಹಚ್ಚಿಕೊಳ್ಳಲು ನಾನು ತಂದುಕೊಟ್ಟ ಡೆಪಾ ಎಣ್ಣೆಯ ಬಾಟಲಿ ಚೀಲಕ್ಕೆ ತುರುಕಿಕೊಂಡು ಬೆಳಿಗ್ಗೆ ಹೊಸಿಲು ದಾಟಿದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಎಂದು ಕೇಳಲಿಲ್ಲ. ‘ದೂರಾನಾ?’ ಅಂದಳು.

‘ತೀರ್ಥಹಳ್ಳಿ ಕಣಮ್ಮ, ಎಂಟು ದಿನ’ ಎಂದು ಅವನೇ ಹೇಳಿದ.

ಅವಳು ಒಳಗೆ ಹೋಗಿ ಸೊಸೆಯ ಕೈಯಿಂದ ಪೆನ್ನು ಇಸಿದುಕೊಂಡಳು. ಕ್ಯಾಲೆಂಡರಿನಲ್ಲಿ ಆವತ್ತಿನ ಹಾಲಿನ ಅಂಕಿಯ ಕೆಳಗೆ, ಅಷ್ಟೇನೂ ಬರವಣಿಗೆ ಬಾರದ ಕೈಯಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಊರಿನ ಹೆಸರು ಬರೆದಳು.